ಗಂಟು ಬಿಚ್ಚಿರಲಿಲ್ಲ

"ಬೊಗಳೇ ಮುಂಡೆ. ಗಂಟು ಸರಿಯಾಗಿ ಹಾಕ್ಲಿಲ್ಲ, ತಪ್ಪು ನಂದೇ ಅಂತ ಬೊಗಳು."

ಮಲೇಷ್ಯಾದ ಇಪೊ ಊರಲ್ಲಿ ನಾನು ಕೆಲಸಕ್ಕಿದ್ದ ಕಾಫಿ ಅಂಗಡಿಯ ಒಡೆಯ ಬೂನ್, ನಮ್ಮೆಲ್ಲರ ಬಾಯಲ್ಲಿ ಟೌಕೆ, ನನ್ನ ಮೇಲೆ ಹೀಗೆ ಕಿರುಚಿದಾಗ ಬೆಂಚು ತುಂಬ ಗಿರಾಕಿಗಳಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ನಾನು ಒಲೆಯ ಮುಂದೆ ಕಾಫಿ ಸೋಸುತ್ತ ನಿಂತಿದ್ದೆ. ಟೌಕೆಯ ಎದುರಿಗೆ ಅಂಜಲೈಯ ತಮ್ಮ ಮುರುಗೇಸು ನಿಂತಿದ್ದ.

ಅಂಜಲೈ ಕೈಗವಸಿನ ಕಾರ್ಖಾನೆಯಲ್ಲಿ ಕಸ ಗುಡಿಸುವವಳು. ದಿನಾ ಬೆಳಿಗ್ಗೆ ಪ್ಲಾಸ್ಟಿಕ್ ಚೀಲದಲ್ಲಿ ಕಾಫಿ ಕಟ್ಟಿಸಿಕೊಂಡು, ಸ್ಕೂಟರಿನಲ್ಲಿ ಸೀಟಿನ ಮುಂದಿರುವ ಕೊಕ್ಕೆಗೆ ತೂಗುಹಾಕಿಕೊಂಡು ಹೋಗುತ್ತಿದ್ದಳು. ನಮ್ಮಲ್ಲಿ ಎಲ್ಲರೂ ಒಯ್ಯುವುದೇ ಹಾಗೆ. ನಿನ್ನೆ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಕಾಫಿಯೆಲ್ಲ ತೊಡೆಯ ಮೇಲೆ ಸುರಿಯಿತು. ಈಗ ಆಸ್ಪತ್ರೆಯಲ್ಲಿ ಚರ್ಮ ಸುಲಿದು ಮಲಗಿದ್ದಾಳೆ.

"ಕಾಫಿ ಬಿಸಿಯಾಗಿರತ್ತೆ ಅಂತ ಹಾಲು ಕುಡಿಯೋ ಕೂಸಿಗೂ ಗೊತ್ತು. ತೊಡೆ ಸಂದೀಲಿ ನೇತಾಕ್ಕೊಂಡು ಹೋಗು ಅಂತ ನಾನೇನು ಹೇಳಿದ್ನಾ?" ಎಂದು ಟೌಕೆ ಮೊದಲು ನಕ್ಕಿದ್ದ.

"ನಿನ್ ಗಾಡೀಗೂ ಅದೇ ಕೊಕ್ಕೆ ಐತಲ್ಲೋ ಸಾವ್ಕಾರ. ನೀನು ಹಂಗೇ ಒಯ್ಯಲ್ವಾ?" ಎಂದ ಮುರುಗೇಸು. "ಚೀಲ ಹರೀತು ಅಂತ ಅಕ್ಕ ಹೇಳ್ತಾವ್ಳೆ. ಚೀಲ ನಿಂದು. ಆಸ್ಪತ್ರೆ ಖರ್ಚು ನೀನು ಕೊಡ್ಬೇಕು."

ಆಗಲೇ ಟೌಕೆಯ ಬೆರಳು ನನ್ನ ಕಡೆ ತಿರುಗಿದ್ದು. "ಕಟ್ಟಿದ್ದು ಈ ಜಾವಾದವಳು. ಇವಳನ್ನ ಕೇಳು."

ನನ್ನ ಪಾಸ್‌ಪೋರ್ಟು ಅವನ ಬೀರುವಿನಲ್ಲಿದೆ. ಗಂಟು ಬಿಚ್ಚಿತು ಎಂದರೆ ಕೆಲಸ ಉಳಿಯುತ್ತದೆ, ಅಂಜಲೈಗೆ ಬಿಡಿಗಾಸೂ ಸಿಗುವುದಿಲ್ಲ. ಅನ್ನದಿದ್ದರೆ ನಾಳೆಯೇ ನನ್ನನ್ನು ಜಾವಾದ ಹಡಗು ಹತ್ತಿಸುತ್ತಾನೆ. ಆದರೆ ದಪ್ಪ ಚೀಲ ಮುಗಿದಾಗ ಐಸ್ ಷರಬತ್ತು ತುಂಬುವ ತೆಳು ಚೀಲ ತಂದು ಸುರಿದವನು ಇವನೇ. ಇದು ಕುದಿಯುವ ಕಾಫಿ ತಡೆಯುವುದಿಲ್ಲ ಟೌಕೆ ಎಂದದ್ದಕ್ಕೆ ಕಟ್ಟನ್ನೇ ನನ್ನ ಮುಖಕ್ಕೆ ಎಸೆದಿದ್ದ.

"ಬಾಯಲ್ಲೇನು ಕಡುಬು ತುರುಕ್ಕೊಂಡಿದೀಯೇನೇ ಬೇವರ್ಸಿ?"

"ನೀನೇ ಹೇಳಕ್ಕ," ಎಂದ ಮುರುಗೇಸು. "ನಿನ್ ಕೈ ಕಾಫೀನೇ ಬೇಕು ಅಂತಿದ್ಲು ನಮ್ಮಕ್ಕ."

ನಾನು ಅದೇ ಕಟ್ಟಿನಿಂದ ಒಂದು ಚೀಲ ಎಳೆದೆ. ಒಲೆಯ ಮೇಲಿನ ಕಾಫಿಯನ್ನು ಬಗ್ಗಿಸಿ ತುಂಬಿದೆ. ದಿನಾ ಹಾಕುವಂತೆ ದಾರ ಸುತ್ತಿ ಗಂಟು ಬಿಗಿದೆ. ಕಟ್ಟಿದ ಚೀಲ ತೂಗುಹಾಕುವ ಕೊಕ್ಕೆ ಗಲ್ಲಾಪೆಟ್ಟಿಗೆಯ ಹತ್ತಿರ, ಟೌಕೆ ಕೂರುವ ಕುರ್ಚಿಯ ನೆತ್ತಿಗೇ ಇದೆ. ಅವನು ಬನಿಯನ್ ಚಡ್ಡಿಯಲ್ಲಿ ಕಾಲು ಚಾಚಿ ಕೂತಿದ್ದ. ಚೀಲವನ್ನು ಆ ಕೊಕ್ಕೆಗೆ ಸಿಕ್ಕಿಸಿ, ಅವನ ತೊಡೆಯ ಮೇಲೆ ಬರುವಂತೆ ದಾರ ಇಳಿಬಿಟ್ಟೆ.

"ಅಲ್ಲೇ ಕೂತಿರಿ ಟೌಕೆ. ಗಂಟು ಬಿಚ್ಚಿದ್ರೆ ತಪ್ಪು ನಂದು."

"ಏಯ್, ತೆಗಿಯೇ ಅದನ್ನ."

"ಯಾಕೆ? ಬಿಸಿ ಅಂತ ಕೂಸಿಗೂ ಗೊತ್ತಲ್ಲ."

ಮುರುಗೇಸು ಹೋಗಿ ಕುರ್ಚಿಯ ಹಿಂದೆ ನಿಂತ. ಮುಂದೆ ಮೇಜಿತ್ತು, ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ನಾನಿದ್ದೆ; ಟೌಕೆ ಏಳುವಂತಿರಲಿಲ್ಲ. ಈಗ ಗಿರಾಕಿಗಳೆಲ್ಲ ತಲೆ ಎತ್ತಿದ್ದರು. ಚೀಲದ ತಳ ಜೋತು, ಬೆಸುಗೆಯ ಗೆರೆ ಬಿಳಿಚಿಕೊಳ್ಳುತ್ತ ಬಂತು.

ಮೊದಲ ಹನಿ ಟೌಕೆಯ ತೊಡೆಗೆ ಬಿತ್ತು. ಗಂಟು ಹಾಕಿದಂತೆಯೇ ಇತ್ತು.