ನೊರ್ಬರ್ಟನ ವ್ಯಾಗನ್

ನೊರ್ಬರ್ಟ್ ಸತ್ತ ಮೇಲೂ ಹದಿನಾಲ್ಕು ವರ್ಷ, ಮಂಗಳೂರು ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಹೆಂಚು ತುಂಬಿಸುವ ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಅವನು ದಿನವೂ ಹಾಜರಿದ್ದ. ಕೆಲಸ ಮಾಡಿದ್ದು ಅವನ ಹೆಂಡತಿ ಗೆರ್ಟ್ರೂಡ್. ಅವಳ ಹೆಸರನ್ನು ಯಾರೂ ಬರೆಯಲಿಲ್ಲ.

ಈಗ ಗೆರ್ಟ್ರೂಡ್ ಕೂಡ ತೀರಿಕೊಂಡಿದ್ದಳು. ಮಗಳು ಹೆಲನ್ ಅಮ್ಮನ ಬೆರಳುಗಳ ನಡುವೆ ಜಪಸರ ಸಿಕ್ಕಿಸಲು ನೋಡುತ್ತಿದ್ದಳು. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ, ಚಾಚುತ್ತಲೂ ಇರಲಿಲ್ಲ. ಹೆಂಚಿನ ಅಂಚಿನ ಅಳತೆಗೇ ನಿಂತುಬಿಟ್ಟಿದ್ದವು.

"ಎಳೀಬೇಡ ಮಗಾ, ಸುಮ್ಮನೆ ಮೇಲೆ ಇಡು," ಎಂದರು ಖತೀಜಮ್ಮ. ಬಂದರಿನಿಂದ ಬೆಳಗ್ಗೆಯೇ ಬಸ್ಸು ಹಿಡಿದು ಬಂದಿದ್ದರು. ಗೆರ್ಟ್ರೂಡ್ ಜೊತೆ ಹೆಂಚು ಹೊತ್ತವರಲ್ಲಿ ಉಳಿದದ್ದು ಈಗ ಅವರೊಬ್ಬರೇ.

ತಮ್ಮ ಎಲ್ರೊಯ್ ಒಂದು ಹಾಳೆ ತಂದು ಹೆಲನಳ ಕೈಗಿತ್ತ. ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಸತ್ತವರ ಬದುಕಿನ ಬಗ್ಗೆ ನಾಲ್ಕು ಮಾತು ಓದುವ ಕ್ರಮ ಉಂಟು. ಓದುವುದು ಹಿರಿಯ ಮಕ್ಕಳು. ಹಾಳೆಯಲ್ಲಿ ಅವನೇ ಬರೆದಿದ್ದ: 'ಸ್ಟೇಷನ್ನಿನಲ್ಲಿ ಮೂವತ್ತಮೂರು ವರ್ಷ ದುಡಿದ ದಿವಂಗತ ನೊರ್ಬರ್ಟರ ಧರ್ಮಪತ್ನಿ. ಆದರ್ಶ ಗೃಹಿಣಿ.'

"ಪಪ್ಪ ದುಡಿದದ್ದು ಎಂಟೇ ವರ್ಷ," ಎಂದಳು ಹೆಲನ್.

"ಪುಸ್ತಕದಲ್ಲಿ ಹಾಗೇ ಉಂಟಲ್ಲ ಬಾಯ್," ಎಂದ ಎಲ್ರೊಯ್ ಅಕ್ಕನಿಗೆ.

ಖತೀಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. "ಸತ್ತ ಮೇಲೂ ಒಂದು ದಿನ ರಜೆ ಹಾಕದ ಗಂಡಸು ಅಂದ್ರೆ ನಿಮ್ಮಪ್ಪ ಒಬ್ಬನೇ."

ಎಲ್ರೊಯ್ ನಗಲಿಲ್ಲ.

*

ವ್ಯಾಗನ್ನಿನ ಬಾಗಿಲು ಬಿದ್ದು ನೊರ್ಬರ್ಟನ ಕಾಲು ಜಜ್ಜಿಹೋದಾಗ ಎಲ್ರೊಯ್‌ಗೆ ಎರಡು ವರ್ಷ. ಗುತ್ತಿಗೆದಾರ ಪರಿಹಾರ ಕೊಡಲಿಲ್ಲ. ಬದಲಿಗೆ ಹೆಂಡತಿ ಬರಲಿ ಎಂದ. ವ್ಯಾಗನ್ನಿನೊಳಗಿನ ಕೆಲಸಕ್ಕೆ ಹೆಂಗಸರ ಹೆಸರು ಬರೆಯುವಂತಿಲ್ಲ, ಗಂಡನ ಹೆಸರಿನಲ್ಲೇ ಮಾಡಲಿ ಎಂದೂ ಸೇರಿಸಿದ.

ಹಳಿ ಮುಗಿಯುವ ಊರು ಇದು. ಕಾರ್ಖಾನೆಗಳ ಹೆಂಚೆಲ್ಲ ಗಾಡಿಯಲ್ಲಿ ಬಂದು ಇಲ್ಲಿ ವ್ಯಾಗನ್ ಹತ್ತಬೇಕು. ಗೆರ್ಟ್ರೂಡ್ ಹೆಂಚನ್ನು ಮಲಗಿಸುತ್ತಿರಲಿಲ್ಲ. ನಿಲ್ಲಿಸಿ, ಬೆನ್ನಿಗೆ ಬೆನ್ನು ಕೊಟ್ಟು, ನಡುವೆ ಬೈಹುಲ್ಲು ಬಿಗಿದು, ಕೊನೆಗೆ ಭುಜದಿಂದ ಒಂದು ಸಲ ನೂಕಿ ಕಿವಿಗೊಡುವಳು. ಸದ್ದಾದರೆ ಸಾಲು ಬಿಚ್ಚಿ ಮತ್ತೆ ಜೋಡಿಸುವಳು. ಅವಳು ತುಂಬಿಸಿದ್ದರಲ್ಲಿ ಒಡೆದದ್ದು ತೀರಾ ಕಡಿಮೆ. ಕೇರಳದ ವ್ಯಾಪಾರಿಗಳು ನೊರ್ಬರ್ಟನ ವ್ಯಾಗನ್ನೇ ಬೇಕೆಂದು ಕಾಗದ ಬರೆಯುತ್ತಿದ್ದರು.

ನೊರ್ಬರ್ಟ್ ತೀರಿಕೊಂಡ ತಿಂಗಳಿಗೆ, ಹದಿನಾರರ ಹೆಲನ್ ಅಮ್ಮನಿಗೆ ಗಂಜಿ ಕೊಂಡುಹೋಗಿದ್ದಳು. ಗುಮಾಸ್ತ ಪುಸ್ತಕ ಬಿಡಿಸಿ ನೊರ್ಬರ್ಟ್ ಎಂದು ಕೂಗಿದ. ಕಪ್ಪು ಸೀರೆಯ ಅಮ್ಮ "ಹಾಂ" ಎಂದಳು. ಯಾರೂ ತಲೆಯೆತ್ತಲಿಲ್ಲ.

ಮನೆಗೆ ಬಂದು ಹೆಲನ್ ಜಗಳ ತೆಗೆದಳು. ಹೆಸರು ಯಾರದ್ದಾದರೆ ಎಂತ, ಅಕ್ಕಿ ನಮ್ಮ ಮನೆಗೇ ಬರ್ತದಲ್ಲ ಎಂದು ಅಮ್ಮ ಮೀನು ತೊಳೆಯಲು ಕೂತಳು.

ಆದರೆ ಹೋದ ವರ್ಷ ಯಾರೋ ಸ್ಟೇಷನ್ನಿನ ಚರಿತ್ರೆ ಬರೆದು ಪುಸ್ತಕ ಮಾಡಿದರು. ಸಾವಿರದ ಒಂಬೈನೂರ ಏಳರಲ್ಲಿ ರೈಲು ಬಂದದ್ದು, ಸ್ಟೇಷನ್ ಮಾಸ್ತರರ ಪಟ್ಟಿ, ಕೊನೆಗೆ ಹೆಂಚು ತುಂಬಿಸಿದವರದ್ದೂ ಒಂದು ಪುಟ. ಎಲ್ರೊಯ್ ತಂದು ತೋರಿಸಿದ. ಗೆರ್ಟ್ರೂಡ್‌ಗೆ ಓದು ಬಾರದು. ಗಂಡನ ಹೆಸರು ಎಲ್ಲಿದೆಯೆಂದು ಕೇಳಿ ಅದರ ಮೇಲೆ ಬೆರಳಿಟ್ಟಳು. ಆಮೇಲೆ ಬೆರಳನ್ನು ಕೆಳಗಿನ ಸಾಲಿಗೆ ತಂದಳು.

"ನನ್ನದು ಇದಾ?" ಎಂದಳು.

ಆ ಸಾಲಿನಲ್ಲಿದ್ದದ್ದು ಬೇರೊಬ್ಬನ ಹೆಸರು.

*

ನಾಲ್ಕು ಗಂಟೆಗೆ ಇಗರ್ಜಿ. ಮೆಟ್ಟಿಲ ಬಳಿ, ಇಗರ್ಜಿಯ ಪರವಾಗಿ ವಾಡೆಯ ಮನೆಗಳನ್ನು ನೋಡಿಕೊಳ್ಳುವ ಹಿರಿಯ ಗುರ್ಕಾರ ರೂಬನ್ ಹೆಲನಳನ್ನು ಬದಿಗೆ ಕರೆದರು. ಹಾಳೆಯ ತಕರಾರನ್ನು ಎಲ್ರೊಯ್ ಹೇಳಿದ್ದನೆಂದು ಕಾಣುತ್ತದೆ.

"ನೋಡು ಹೆಲನ್, ನೀನು ಹೇಳುವುದು ಸುಳ್ಳಲ್ಲ. ಆದರೆ ಸತ್ತವನ ಹೆಸರಲ್ಲಿ ಕೂಲಿ ತಗೊಂಡದ್ದು ಅಂತ ಜನ ಮಾತಾಡ್ತಾರೆ. ಅಮ್ಮನನ್ನು ಕಳ್ಳಿ ಮಾಡಿ ಕಳಿಸ್ತೀಯಾ?"

"ಕದ್ದದ್ದು ಯಾರು ಗುರ್ಕಾರ್ರೆ?"

"ಅದೆಲ್ಲ ಇವತ್ತು ಬೇಡ ಮಾರಾಯ್ತಿ. ಬರೆದದ್ದನ್ನು ಓದು, ಸಾಕು."

ಪೂಜೆ ಮುಗಿಯಿತು. ಹೆಲನ್ ಮೈಕಿನ ಮುಂದೆ ನಿಂತು ಹಾಳೆ ಬಿಡಿಸಿಟ್ಟಳು. ಮೊದಲ ಬೆಂಚಿನಲ್ಲಿ ಎಲ್ರೊಯ್ ತಲೆ ತಗ್ಗಿಸಿದ್ದ. ಕೊನೆಯ ಬೆಂಚಿನಲ್ಲಿ ಖತೀಜಮ್ಮ ಚಪ್ಪಲಿ ಕಳಚಿಟ್ಟು ನೆಟ್ಟಗೆ ಕೂತಿದ್ದರು. ಹೆಲನ್ ಅಮ್ಮನ ಹುಟ್ಟಿದ ತಾರೀಕು, ಊರು, ಅಜ್ಜ ಅಜ್ಜಿಯ ಹೆಸರು ಓದಿದಳು. ಆಮೇಲೆ ನಿಲ್ಲಿಸಿದಳು.

ದುಃಖದಿಂದ ನಿಲ್ಲಿಸಿದಳೆಂದು ಹಲವರು ತಿಳಿದರು. ರೂಬನ್ ಹತ್ತಿರ ಬಂದು ಮೆಲ್ಲಗೆ, ಮುಂದಿನ ಸಾಲು ಓದು ಎಂದರು.

"ಇದು ನಾನು ಓದುವುದಿಲ್ಲ," ಎಂದಳು ಹೆಲನ್. ಮೈಕು ಅದನ್ನು ಬಾಗಿಲಿನವರೆಗೂ ಕೊಂಡೊಯ್ದಿತು.

ಹಾಗಾದರೆ ಇತ್ತ ಕೊಡು, ನಾನೇ ಓದುತ್ತೇನೆ ಎಂದು ರೂಬನ್ ಕೈ ಚಾಚಿದರು. ಹೆಲನ್ ಎರಡೂ ಅಂಗೈಗಳನ್ನು ಹಾಳೆಯ ಮೇಲೆ ಒತ್ತಿಟ್ಟು, ಅಲ್ಲಿಂದ ಕದಲದೆ ನಿಂತಳು.