ಗೆರೆಯಾಚೆಗಿನ ಬುಟ್ಟಿ

ಶಾಲೆಯ ತಂಡದಲ್ಲಿ ಆರು ವರ್ಷ ಬಾಸ್ಕೆಟ್‌ಬಾಲ್ ಆಡಿಯೂ ನರ್ಸಮ್ಮ ಒಂದೇ ಒಂದು ಸಲ ಬುಟ್ಟಿಗೆ ಚೆಂಡು ಹಾಕಿದವಳಲ್ಲ. ಕೈಲಾಗದೆ ಅಲ್ಲ, ನಿಯಮವೇ ಹಾಗಿತ್ತು. ಆಗ ಹುಡುಗಿಯರ ತಂಡದಲ್ಲಿ ಆರು ಜನ. ಅಂಗಳದ ನಡುವೆ ಒಂದು ಗೆರೆ. ಮೂವರು ಈಚೆ ನಿಂತು ಎದುರಾಳಿಗಳನ್ನು ತಡೆಯಬೇಕು, ಮೂವರು ಆಚೆ ನಿಂತು ಬುಟ್ಟಿಗೆ ಎಸೆಯಬೇಕು. ಗೆರೆ ದಾಟಿದರೆ ಸೀಟಿ. ಚೆಂಡನ್ನು ಎರಡಕ್ಕಿಂತ ಹೆಚ್ಚು ಸಲ ನೆಲಕ್ಕೆ ಪುಟಿಸಿದರೂ ಸೀಟಿ. ಹೆಚ್ಚು ಓಡಿದರೆ ಹುಡುಗಿಯರು ಬಸವಳಿದು ಬೀಳುತ್ತಾರೆಂದು ಯಾವನೋ ಮಹಾನುಭಾವ ನಂಬಿದ್ದನಂತೆ. ಅದೇ ನರ್ಸಮ್ಮ ಮುಂದೆ ಮೂವತ್ತೈದು ವರ್ಷ ಆಸ್ಪತ್ರೆಯ ಮೂರು ಮಹಡಿ ಹತ್ತಿ ಇಳಿದಳು. ಎಲ್ಲೂ ಬೀಳಲಿಲ್ಲ.

ಆಚೆ ನಿಲ್ಲುತ್ತಿದ್ದವಳು ಅವಳ ಜೀವದ ಗೆಳತಿ ಟೈಲರಮ್ಮ. ಇವಳು ಕಿತ್ತುಕೊಟ್ಟ ಚೆಂಡನ್ನು ಅವಳು ಬುಟ್ಟಿಗೆ ಹಾಕುತ್ತಿದ್ದಳು. ಚಪ್ಪಾಳೆಯೆಲ್ಲ ಅವಳಿಗೇ.

ಈಗ ಶಾಲೆಯವರು ಹಳೆಯ ಆಟಗಾರ್ತಿಯರಿಗೆಂದು ಪಂದ್ಯ ಇಟ್ಟಿದ್ದರು, ಇಂದಿನ ನಿಯಮದಂತೆ: ತಂಡಕ್ಕೆ ಐದು ಜನ, ಅಂಗಳವೆಲ್ಲ ಎಲ್ಲರದು.

"ಸಾಯೋದ್ರೊಳಗೆ ಒಂದಾದ್ರೂ ಹಾಕ್ಬೇಕು ಕಣೇ," ಎಂದಳು ನರ್ಸಮ್ಮ, ಬೂಟಿನ ದಾರ ಕಟ್ಟುತ್ತ.

"ಹಾಕು. ಬೇಡ ಅಂದೋರ್ ಯಾರು?" ಎಂದಳು ಟೈಲರಮ್ಮ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಲಿತ ಗುಣವೂ ಅಷ್ಟೇ. ನರ್ಸಮ್ಮ ಚೆಂಡು ಕಿತ್ತಳು, ಎರಡು ಸಲ ಪುಟಿಸಿದಳು, ಗೆರೆಯ ಹತ್ತಿರ ಬಂದು ಕಂಬದಂತೆ ನಿಂತಳು. ಚೆಂಡು ತಾನಾಗಿ ಟೈಲರಮ್ಮನ ಕೈ ಸೇರಿತು, ಅಲ್ಲಿಂದ ಬುಟ್ಟಿ ಸೇರಿತು. ಮೂರು ಸಲವೂ ಇದೇ ಹಣೆಬರಹ. ಬೆಂಚಿನ ಮೇಲಿದ್ದ ನರ್ಸಮ್ಮನ ಮೊಮ್ಮಗಳಿಗೆ ತಡೆಯಲಾಗಲಿಲ್ಲ. "ದಾಟಜ್ಜೀ! ಯಾರೂ ಸೀಟಿ ಊದಲ್ಲ!"

ನಾಲ್ಕನೆಯ ಸಲ ನರ್ಸಮ್ಮ ಗೆರೆಗೆ ಬಂದಾಗ ಟೈಲರಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

"ಹಿಡಿಯೇ!"

"ಹಿಡಿಯಲ್ಲ. ನೀನೇ ತಗೊಂಡ್ ಬಾ."

"ಕೊಬ್ಬು ನಿಂಗೆ!"

"ಹೌದು. ಬಾ."

ಬೈದುಕೊಂಡೇ ನರ್ಸಮ್ಮ ಬಲಗಾಲನ್ನು ಆಚೆ ಇಟ್ಟಳು. ಸೀಟಿ ಬೀಳಲಿಲ್ಲ. ಮೂರು ಸಲ ಪುಟಿಸಿದಳು, ನಾಲ್ಕು, ಐದು. ಅಡ್ಡ ಬಂದವಳ ಮಂಡಿಗೂ ಇವಳಷ್ಟೇ ವಯಸ್ಸು. ಬುಟ್ಟಿಯ ಮುಂದೆ ನಿಂತು ಎಸೆದಳು. ಚೆಂಡು ಬುಟ್ಟಿಯ ಕಬ್ಬಿಣದ ಬಳೆಯನ್ನೂ ಮುಟ್ಟದೆ ಕೆಳಗೆ ಬಂತು.

ಕೆಳಗೆ ಟೈಲರಮ್ಮನಿದ್ದಳು. ಚೆಂಡು ಅವಳ ಕೈಯಲ್ಲಿ, ಬುಟ್ಟಿ ನೆತ್ತಿಯ ಮೇಲೆ, ತಡೆಯುವವರಿಲ್ಲ. "ಹಾಕಿ! ಹಾಕಿ!" ಎಂದು ಶಾಲೆಗೆ ಶಾಲೆಯೇ ಕೂಗಿತು. ಅವಳು ತಿರುಗಿ ಚೆಂಡನ್ನು ನರ್ಸಮ್ಮನಿಗೆ ಎಸೆದಳು.

ಆರು ವರ್ಷ ಚೆಂಡು ಇವಳಿಂದ ಅವಳಿಗೆ ಹೋಗಿತ್ತೇ ಹೊರತು ಅವಳಿಂದ ಇವಳಿಗೆ ಬಂದದ್ದು ಇದೇ ಮೊದಲು. ನರ್ಸಮ್ಮ ಚೆಂಡನ್ನು ಎದೆಗೊತ್ತಿ ಹಿಡಿದಳು. ಮಂಜಾದ ಕಣ್ಣಲ್ಲೇ ಮತ್ತೆ ಎಸೆದಳು. ಚೆಂಡು ಬಳೆಯ ಮೇಲೆ ಒಂದು ಸುತ್ತು ಉರುಳಿ ಹೊರಗೆ ಬಿತ್ತು.

"ಇನ್ನೊಂದ್ಸಲ," ಎಂದಳು.

ಟೈಲರಮ್ಮ ಆಗಲೇ ಚೆಂಡಿನ ಹಿಂದೆ ಓಡುತ್ತಿದ್ದಳು.