ಅಬಿಯೋಸೆಗೆ ಸಿಗದ ನೀರು

ಫ್ರೀಟೌನಿನ ಹಳೆಯ ಸ್ಮಶಾನದಲ್ಲಿ ನಾನು ಗುಂಡಿ ತೋಡಲು ಶುರುಮಾಡಿ ಮೂವತ್ತು ವರ್ಷ ದಾಟಿತು. ಸತ್ತವರು ನನಗೆ ಯಾವತ್ತೂ ತೊಂದರೆ ಕೊಟ್ಟವರಲ್ಲ. ಕೊಟ್ಟಿದ್ದು ನನ್ನ ನಾಲಗೆ.

ಯುದ್ಧದ ದಿನಗಳಲ್ಲಿ ಜನ ಇಲ್ಲಿನ ಮರದ ಶಿಲುಬೆಗಳನ್ನು ಕಿತ್ತು ಒಲೆಗೆ ಹಾಕಿದರು. ತಪ್ಪೆನ್ನಲಾರೆ, ನಾನೂ ಹಾಕಿದ್ದೇನೆ. ಗಲಾಟೆ ಅಡಗಿದ ಮೇಲೆ ರೆಮಿಲೆಕುನಮ್ಮ ಬಂದು, ಆರು ವರ್ಷಕ್ಕೇ ಜ್ವರದಲ್ಲಿ ಹೋದ ತಮ್ಮ ಮಗ ಅಬಿಯೋಸೆಯ ಗೋರಿ ಎಲ್ಲಿ ಎಂದು ಕೇಳಿದರು. ನಾನೇ ಅವನನ್ನು ಹೂತಿದ್ದ ಮೂಲೆಯಲ್ಲಿ ಊರು ಬಿಟ್ಟು ಓಡಿಬಂದವರು ಆಗಲೇ ತಗಡಿನ ಮನೆಗಳನ್ನು ಕಟ್ಟಿಕೊಂಡಿದ್ದರು. ಆಕೆ ನೆಲದ ಮೇಲೆ ಕೂತು ಅತ್ತರು. ನೋಡಲಾಗದೆ ಮಾವಿನ ಮರದಡಿಯ ಯಾವುದೋ ದಿಬ್ಬ ತೋರಿಸಿ, "ಇದೇ ಅಮ್ಮ" ಎಂದುಬಿಟ್ಟೆ. ಮುಠ್ಠಾಳ ನಾನು, ಅದನ್ನು ಕರುಣೆ ಎಂದುಕೊಂಡಿದ್ದೆ.

ಅಂದಿನಿಂದ ಪ್ರತಿ ಹೊಸ ವರ್ಷದ ದಿನ ಆಕೆ ಬಂದು ಆ ದಿಬ್ಬಕ್ಕೆ ತಣ್ಣೀರು ಎರೆಯುತ್ತಿದ್ದರು. ಗಂಡ ಸತ್ತದ್ದು, ತಂಗಿ ಮಾತು ಬಿಟ್ಟದ್ದು, ಎಲ್ಲವನ್ನೂ ಮಗನಿಗೆ ಹೇಳುತ್ತಿದ್ದರು. ಕೊನೆಗೆ ಕೋಲಾ ಕಾಯಿಯ ನಾಲ್ಕು ಹೋಳು ಎಸೆಯುತ್ತಿದ್ದರು. ಎರಡು ಅಂಗಾತ, ಎರಡು ಬೋರಲು ಬಿದ್ದರೆ ಸತ್ತವರು ಒಪ್ಪಿದರೆಂದು ಲೆಕ್ಕ. ಒಂದು ಸಲವೂ ತಪ್ಪಿ ಬೀಳಲಿಲ್ಲ.

ಈ ಸಲ ಆಕೆ ಕೋಲೂರಿಕೊಂಡು, ಏದುಸಿರು ಬಿಡುತ್ತ ಬಂದು ನನ್ನ ಹೆಸರು ಹಿಡಿದು ಕರೆದರು.

"ಸೊರಿ, ಡಾಕ್ಟ್ರು ಕೈ ಚೆಲ್ಲಿದ್ರು ಕಣೋ. ಇದೇ ಗುಂಡಿ ತೆಗ್ದು ನನ್ನನ್ನ ಇವನ ಪಕ್ಕ ಮಲಗಿಸು. ಅಂಚು ನೆಟ್ಟಗಿರ್ಲಿ, ನಿನ್ನ ಹಲ್ಲಿನ ಥರ ಬೇಡ."

ಮನೆಯವರ ಗುಂಡಿಯನ್ನೇ ಮತ್ತೆ ತೆಗೆದು ಹೂಳುವುದು ನಮ್ಮಲ್ಲಿ ಇದ್ದದ್ದೇ. ತಲೆಯಾಡಿಸಿದ್ದರೆ ಮುಗಿಯುತ್ತಿತ್ತು, ಆಕೆಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಯಾರೋ ಅಪರಿಚಿತನ ಮೂಳೆಗಳ ಪಕ್ಕ ಈ ತಾಯಿಯನ್ನು ಇಳಿಸಲು ನನ್ನ ಕೈ ಏಳುವುದಿಲ್ಲ ಎಂದು ಆಗ ಅನ್ನಿಸಿತು. ನಿಜ ಹೇಳಿಬಿಟ್ಟೆ.

ಬೈಯುತ್ತಾರೆಂದು ಕಾದೆ. ಆಕೆ ದಿಬ್ಬವನ್ನೇ ನೋಡುತ್ತ ನಿಂತರು.

"ಕೋಲಾ ಸರಿಯಾಗೇ ಬೀಳ್ತಿತ್ತಲ್ಲೋ. ಹಾಗಾದ್ರೆ ಇಷ್ಟು ವರ್ಷ ಹೂಂ ಅಂದಿದ್ದು ಯಾರು?"

"ಗೊತ್ತಿಲ್ಲಮ್ಮ."

"ನನ್ನ ಮಗೂಗೆ?" ಆಕೆ ನನ್ನ ಕಡೆ ತಿರುಗಿದರು. "ಅವನಿಗೆ ಇಷ್ಟು ವರ್ಷ ಯಾರೂ ನೀರು ಕೊಟ್ಟಿಲ್ವಾ?"

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು.

"ನಡಿ, ತೋರ್ಸು. ಈ ಸಲ ಸುಳ್ಳು ಹೇಳ್ಬೇಡ."

ತಗಡಿನ ಮನೆಗಳ ಮೂರನೇ ಸಾಲಿನ ಒಂದು ಮನೆಗೆ ಕರೆದೊಯ್ದೆ. ಆ ಮನೆಯ ಹೆಂಗಸು ಮರಗೆಣಸಿನ ಸೊಪ್ಪು ಕುಟ್ಟುತ್ತಿದ್ದಳು. ಒಳ್ಳೆಯವಳು, ವಿಷಯ ಕೇಳಿ ಒನಕೆ ಕೆಳಗಿಟ್ಟು ದಾರಿ ಬಿಟ್ಟಳು. ಅಡುಗೆಮನೆಯಲ್ಲಿ ಒಲೆಯ ಪಕ್ಕದ ಜಾಗ ತೋರಿಸಿದೆ. ನೆಲಕ್ಕೆ ಸಿಮೆಂಟು ಹಾಕಿತ್ತು.

ರೆಮಿಲೆಕುನಮ್ಮ ಕಷ್ಟಪಟ್ಟು ಮಂಡಿಯೂರಿದರು. "ಇಲ್ಲಿ ನನಗೆ ಜಾಗ ಇಲ್ಲ ಕಂದ. ನೀರಾದ್ರೂ ಕುಡಿ" ಎಂದು ತಂದಿದ್ದ ತಂಬಿಗೆ ಬಗ್ಗಿಸಿದರು.

ನೀರು ಇಂಗಲಿಲ್ಲ. ಸಿಮೆಂಟಿನ ಮೇಲೆ ಹರಡಿ ಹೊಸಿಲಿನ ಕಡೆಗೆ ಹರಿಯಿತು. ಆಕೆ ಎರಡೂ ಅಂಗೈಯಿಂದ ಅದನ್ನು ಹಿಂದಕ್ಕೆ ತಳ್ಳಿದರು. ಮತ್ತೆ ಹರಿಯಿತು, ಮತ್ತೆ ತಳ್ಳಿದರು.

"ಏಳಿ ಅಮ್ಮ, ಜಾರಿ ಬೀಳ್ತೀರ" ಎಂದು ಮನೆಯಾಕೆ ಮೆಲ್ಲಗೆ ರಟ್ಟೆ ಹಿಡಿದು ಎಬ್ಬಿಸಿದಳು. ಆಮೇಲೆ ಬಟ್ಟೆ ತಂದು ನೆಲ ಒರೆಸಿ, ಹೊರಗಿನ ಚರಂಡಿಗೆ ಹಿಂಡಿದಳು.